ಅರ್ಧ ಡಬ್ಬ ಸಾರಿನ ಪುಡಿ

ಡಬ್ಬ ತುಂಬಿಸುವುದು ದೊಡ್ಡ ವಿದ್ಯೆಯೇನಲ್ಲ ಎಂದು ನಾನು ತಿಳಿದಿದ್ದೆ.

ನನ್ನ ಹೆಂಡತಿ ಸರೋಜ ತೀರಿಕೊಂಡು ಕೆಲವು ತಿಂಗಳಾದ ಮೇಲೆ ಅವಳ ತಂಗಿ ಗಿರಿಜ ಮಸ್ಕತ್‌ನಿಂದ ಫೋನ್ ಮಾಡಿದಳು. ರಜೆ ಸಿಗದೆ ಅವಳಿಗೆ ಅಕ್ಕನ ಮುಖ ನೋಡಲು ಬರಲಾಗಿರಲಿಲ್ಲ. ಅತ್ತು ಮುಗಿದ ಮೇಲೆ ಕೇಳಿದಳು.

"ಭಾವ, ಅಕ್ಕ ಮಾಡಿಟ್ಟಿದ್ದ ಸಾರಿನ ಪುಡಿ ಏನಾದ್ರೂ ಉಳಿದಿದ್ಯಾ? ಇದ್ರೆ ಒಂಚೂರು ಕಳ್ಸಿ. ಇನ್ನೇನೂ ಬೇಡ."

"ಇದೆ ಕಣಮ್ಮ, ಕಳಿಸ್ತೀನಿ. ಅದೇನ್ ಮಹಾ ಕೆಲಸ" ಎಂದೆ.

ಉಳಿದಿದ್ದುದು ಅರ್ಧ ಡಬ್ಬ. ಸರೋಜ ಪ್ರತಿ ಬೇಸಿಗೆಯಲ್ಲೂ ಮಹಡಿಯ ಮೇಲೆ ಮೆಣಸಿನಕಾಯಿ ಒಣಗಿಸಿ, ಹುರಿದು, ಮಿಲ್ಲಿನಲ್ಲಿ ಪುಡಿ ಮಾಡಿಸಿ ತಂಗಿಗೆ ಕಳಿಸುತ್ತಿದ್ದಳು. ಆದರೆ ಅರ್ಧ ಡಬ್ಬವನ್ನು ಯಾವತ್ತೂ ಕಳಿಸಿದವಳಲ್ಲ. ತವರಿನಿಂದ ಹೆಣ್ಣುಮಗಳಿಗೆ ಹೋಗುವ ಡಬ್ಬ ಮುಚ್ಚಳ ಮುಟ್ಟುವಂತೆ ತುಂಬಿರಬೇಕು ಎನ್ನುವುದು ಅವರ ಮನೆಯ ಪದ್ಧತಿ. ಸರೋಜ ಇಲ್ಲವೆಂದು ಪದ್ಧತಿ ತಪ್ಪಿಸುವುದೇ? ಉಳಿದರ್ಧಕ್ಕೆ ನಾನೇ ಪುಡಿ ಮಾಡಿಸಿ ಬೆರೆಸುವುದೆಂದು ಸರ್ವಾನುಮತದಿಂದ ತೀರ್ಮಾನಿಸಿದೆ. ಮನೆಯಲ್ಲಿ ನಾನೊಬ್ಬನೇ ಇದ್ದುದರಿಂದ ವಿರೋಧ ಬರಲಿಲ್ಲ.

ಸರೋಜ ಪುಡಿ ಮಾಡುವುದನ್ನು ವರ್ಷಗಟ್ಟಲೆ ನೋಡಿದ್ದೇನೆ. ನೋಡಿದ್ದೇನೆ ಎಂದರೆ, ಪೇಪರ್ ಓದುತ್ತಾ ಪಕ್ಕದಲ್ಲಿ ಕೂತಿದ್ದೇನೆ. ಮೆಣಸಿನಕಾಯಿ, ಧನಿಯಾ, ಜೀರಿಗೆ, ಮೆಂತ್ಯ ಎಲ್ಲವೂ ನೆನಪಿತ್ತು. ಅಳತೆ ಮಾತ್ರ ನೆನಪಿರಲಿಲ್ಲ. ಯಾರಿಗೂ ಅನ್ಯಾಯವಾಗದಿರಲಿ ಎಂದು ಎಲ್ಲಕ್ಕೂ ಸಮಪಾಲು ಕೊಟ್ಟೆ. ಹುರಿದು, ಯಲಹಂಕದ ಮಿಲ್ಲಿನಲ್ಲಿ ಪುಡಿ ಮಾಡಿಸಿ ತಂದು, ಸರೋಜಳ ಪುಡಿಯ ಮೇಲೆ ಸುರಿದು ಚೆನ್ನಾಗಿ ಕಲೆಸಿದೆ. ಆಮೇಲೆ ರುಚಿ ನೋಡಿದೆ.

ಕೊನೆಯ ಎರಡು ಕೆಲಸಗಳನ್ನು ಅದಲುಬದಲು ಮಾಡಿದ್ದರೆ ಇದನ್ನೆಲ್ಲ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಬೇವು ನಾಚಬೇಕು, ಅಷ್ಟು ಕಹಿ. ಪಕ್ಕದ ಮನೆಯ ಜಯಮ್ಮನ ಹತ್ತಿರ ಒಂದು ಚಮಚ ಒಯ್ದೆ. ಆಕೆ ನಾಲಿಗೆಗೆ ಇಟ್ಟುಕೊಂಡು, ಒಳಗೆ ಹೋಗಿ ಬಾಯಿ ಮುಕ್ಕಳಿಸಿ ಬಂದಳು.

"ಮೆಂತ್ಯ ಎಷ್ಟ್ ಹಾಕಿದ್ರಿ ಅಣ್ಣ?"

"ಧನಿಯಾ ಹಾಕ್ದಷ್ಟೇ."

"ಇದು ಸಾರಿಗಾ, ಸಕ್ಕರೆ ಕಾಯಿಲೆಗಾ?"

"ಈಗೇನ್ ಮಾಡೋದು ಹೇಳಮ್ಮ."

"ಇನ್ನೊಂದಿಷ್ಟು ಧನಿಯಾ ಹುರಿದು ಸೇರಿಸಿ. ಅಡಗಿದ್ರೆ ಅಡಗುತ್ತೆ."

ಧನಿಯಾ ಸೇರಿಸಿದೆ. ಖಾರ ಹೋಯಿತು. ಖಾರಕ್ಕೆ ಮೆಣಸಿನಕಾಯಿ ಸೇರಿಸಿದೆ. ಕಣ್ಣಲ್ಲಿ ನೀರು ಬಂತು, ಕಹಿ ಹೋಗಲಿಲ್ಲ. ಮತ್ತೆ ಧನಿಯಾ. ಪುಡಿ ಡಬ್ಬದಿಂದ ಪಾತ್ರೆಗೆ, ಪಾತ್ರೆಯಿಂದ ಬಕೆಟ್ಟಿಗೆ ಬಡ್ತಿ ಪಡೆಯಿತು. ಪುಟ್ಟೇನಹಳ್ಳಿ ಕೆರೆ ಕಡೆ ವಾಕಿಂಗ್ ಹೊರಟವರು ನಮ್ಮ ಗೇಟಿನ ಹತ್ತಿರ ನಿಂತು, ಸೀನಿ, ಮುಂದೆ ಹೋಗುತ್ತಿದ್ದರು.

ಕೊನೆಗೆ ಬಕೆಟ್ಟಿನ ಮುಂದೆ ಕೂತುಬಿಟ್ಟೆ. ಸರೋಜ ಹುರಿದಿದ್ದು ಇದರೊಳಗೆ ಎಲ್ಲೋ ಇತ್ತು. ಅವಳದ್ದನ್ನು ನನ್ನದರಿಂದ ಬೇರೆ ಮಾಡುವ ಜರಡಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಗಿರಿಜಳಿಗೆ ವಿಡಿಯೋ ಕಾಲ್ ಮಾಡಿ, ಬಕೆಟ್ ತೋರಿಸಿ, ಎಲ್ಲವನ್ನೂ ಒಪ್ಪಿಕೊಂಡೆ. ಅರ್ಧ ಡಬ್ಬ ಕಳಿಸಬಾರದೆಂಬ ಪದ್ಧತಿಯನ್ನೂ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಭಾವ, ಅದನ್ನೇ ಚಿಕ್ಕ ಡಬ್ಬಕ್ಕೆ ಹಾಕಿದ್ರೆ ತುಂಬ್ತಿತ್ತಲ್ವಾ?"

ನಾನು ತಿರುಗಿ ನೋಡಿದೆ. ಶೆಲ್ಫಿನ ಮೇಲೆ ಚಿಕ್ಕ ಡಬ್ಬಗಳು ಸರೋಜ ತೊಳೆದು ಬೋರಲು ಹಾಕಿದ್ದ ಹಾಗೆಯೇ ಸಾಲಾಗಿ ಇದ್ದವು.

"ನಿಮ್ಮಕ್ಕ ಇದ್ದಿದ್ರೆ ಇದನ್ನೇ ಹೇಳ್ತಿದ್ಲು" ಎಂದೆ.

"ಹೇಳ್ತಿರಲಿಲ್ಲ, ಬೈತಿದ್ಲು." ಗಿರಿಜ ನಕ್ಕು, ಸೆರಗಿನಿಂದ ಮೂಗು ಒರೆಸಿಕೊಂಡಳು. "ಇರ್ಲಿ ಬಿಡಿ. ಇರೋದನ್ನೇ ಕಳ್ಸಿ."

ದೊಡ್ಡ ಡಬ್ಬವನ್ನೇ ತುಂಬಿಸಿ ಕೊರಿಯರ್ ಮಾಡಿದೆ. ತಲುಪಿದ ಮೇಲೆ ಅವಳ ಫೋನ್ ಬಂತು.

"ಸಾರು ಮಾಡ್ದೆ ಭಾವ. ಅಕ್ಕನ ಕೈರುಚಿ ಸಿಗುತ್ತಾ ಅಂತ ನೋಡ್ದೆ. ಸಿಗಲಿಲ್ಲ."

ಮಿಕ್ಕ ಪುಡಿಯನ್ನು ಬಿಸಾಡಲು ನನಗೆ ಮನಸ್ಸು ಬರುವುದಿಲ್ಲ. ದಿನವೂ ಅದರಲ್ಲೇ ಸಾರು ಮಾಡಿ, ಒಂದು ತುತ್ತಿನಲ್ಲಾದರೂ ಸರೋಜಳ ಕೈ ಸಿಕ್ಕೀತೇ ಎಂದು ಉಣ್ಣುತ್ತಿದ್ದೇನೆ. ಈವರೆಗೆ ಸಿಕ್ಕಿರುವುದು ನನ್ನ ಕೈ ಮಾತ್ರ.