ಹೊರಗಿನ ನಲ್ಲಿಗೊಂದು ಮೀಟರು

ಮನೆಯಲ್ಲಿ ಯಾರಿಗೂ ಬೇಜಾರಾಗಬಾರದು ಎಂದು ಹೊರಟವರಿಗೆ ಮೊದಲು ಕೈಕೊಡುವುದು ಸೊಂಟ. ಇದನ್ನು ನಾನು ಎಲ್ಲೂ ಓದಿದ್ದಲ್ಲ, ದಿನಾ ಬೆಳಿಗ್ಗೆ ಬಚ್ಚಲಿಂದ ಗೇಟಿನವರೆಗೆ ಬಕೆಟ್ ಹೊತ್ತು ಕಂಡುಕೊಂಡದ್ದು. ಗೇಟಿನ ಪಕ್ಕದಲ್ಲೇ ನಲ್ಲಿ ಇರುವಾಗ ಬಚ್ಚಲಿಂದ ಯಾಕೆ ಹೊರಬೇಕು ಎಂದು ನೀವು ಕೇಳುತ್ತೀರಿ. ಕೇಳಬೇಕಾದ್ದೇ. ನಮ್ಮ ಮನೆಯಲ್ಲಿ ಮಾತ್ರ ಇದುವರೆಗೆ ಯಾರೂ ಕೇಳಿಲ್ಲ.

ಮಂಡ್ಯದಲ್ಲಿ ನಮ್ಮದೊಂದು ಮಹಡಿ ಮನೆ. ಕೆಳಗೆ ನಾನು, ನಮ್ಮ ಯಜಮಾನರು, ಅತ್ತೆ. ಮೇಲೆ ಬಾಡಿಗೆಗೆ ಮಂಜುನಾಥ ಮತ್ತು ಅವನ ಹೆಂಡತಿ. ಗೆಜ್ಜಲಗೆರೆಯ ಕಾರ್ಖಾನೆಗೆ ಬಸ್ಸಿನಲ್ಲಿ ಹೋಗಿಬರುತ್ತಾನೆ, ಬಹಳ ಸಂಕೋಚದ ಮನುಷ್ಯ. ನೀರಿನ ಬಿಲ್ಲಿನಲ್ಲಿ ಮೊದಲಿಂದಲೂ ಅರ್ಧ ಅವರದು, ಅರ್ಧ ನಮ್ಮದು. ಒಂದು ದಿನ ಅವನು ಮೆಟ್ಟಿಲ ಮೇಲೆ ನಿಂತು, ತನ್ನ ಚಪ್ಪಲಿಯನ್ನೇ ನೋಡುತ್ತಾ ಹೇಳಿದ: "ಆಂಟಿ, ಬೇಜಾರು ಮಾಡ್ಕಬೇಡಿ. ನೀವು ಬಾಗ್ಲು ತೊಳೆಯೋದು, ಕರಿಬೇವಿನ ಗಿಡ, ಅಂಕಲ್ ಸ್ಕೂಟ್ರು, ಎಲ್ಲದಕ್ಕೂ ನಾವೂ ಅರ್ಧ ಕೊಟ್ಟಂಗಾಯ್ತದೆ." ನ್ಯಾಯವಾದ ಮಾತು. ನ್ಯಾಯವಾದ ಮಾತು ಕಿವಿಗೆ ಬಿದ್ದರೆ ನಮ್ಮ ಯಜಮಾನರಿಗೆ ಎಲ್ಲಿಲ್ಲದ ಹುರುಪು. "ಹೊರಗಿನ ನಲ್ಲಿಗೆ ಬೇರೆ ಮೀಟರ್ ಹಾಕಿಸೋಣ. ಅದರಲ್ಲಿ ತಿರುಗಿದ್ದೆಲ್ಲ ನಮ್ಮದು, ಮಿಕ್ಕಿದ್ದು ಅರ್ಧ ಅರ್ಧ" ಎಂದು ಅಲ್ಲೇ ತೀರ್ಪು ಕೊಟ್ಟರು. ಪ್ಲಂಬರನ್ನು ಹಿಡಿಯುವ ಕೆಲಸ ನನಗೆ ಬಂತು. ಮೂರು ದಿನ ಫೋನು ಮಾಡಿದೆ. "ನಿಮ್ ಬೀದೀಲೇ ಇವ್ನಿ ಕಣಕ್ಕ, ಬಂದೆ" ಎನ್ನುವನು. ಅವನ ಹಿಂದೆ ಯಾವನೋ ಕಂಡಕ್ಟರು "ಮಳವಳ್ಳಿ, ಮಳವಳ್ಳಿ" ಎಂದು ಕೂಗುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಮಳವಳ್ಳಿ ಬಸ್ಸು ನಮ್ಮ ಬೀದಿಗೆ ಯಾವಾಗಿಂದ ಬರುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿ ಅವನಿಗೆ ಬೇಜಾರಾದರೆ?

ನಾಲ್ಕನೆಯ ದಿನ ಮೀಟರು ಕೂತಿತು. ಅಂಗೈಯಗಲದ ಗಾಜು, ಒಳಗೆ ಪುಟ್ಟ ಕೆಂಪು ಮುಳ್ಳು. ನಲ್ಲಿ ತಿರುಗಿಸಿದರೆ ಮುಳ್ಳು ತಿರುಗುತ್ತದೆ. ಮರುದಿನ ಬೆಳಿಗ್ಗೆ ಅದನ್ನು ಮೊದಲು ನೋಡಿದವಳು ಸೊಪ್ಪಿನ ನಿಂಗಮ್ಮ.

ನಿಂಗಮ್ಮ ಹಲಗೂರಿನ ಹತ್ತಿರದ ನಮ್ಮತ್ತೆಯ ತೌರೂರಿನವಳೇ, ಮಂಡ್ಯದ ಪಕ್ಕದ ಹಳ್ಳಿಗೆ ಮದುವೆಯಾಗಿ ಬಂದವಳು. ದಿನಾ ಬೆಳಿಗ್ಗೆ ನಮ್ಮ ಗೇಟಿನಲ್ಲಿ ಬುಟ್ಟಿ ಇಳಿಸಿ, ನಲ್ಲಿಯಿಂದ ಸೊಪ್ಪಿಗೆ ನೀರು ಚಿಮುಕಿಸಿ, ಕಾಲು ತೊಳೆದುಕೊಂಡು, ಅತ್ತೆಯ ಜೊತೆ ಅರ್ಧ ಗಂಟೆ ಕೂರುತ್ತಿದ್ದಳು. ಮಂಡಿನೋವಿನಿಂದ ಬೀದಿ ದಾಟಲಾರದ ಅತ್ತೆಗೆ ತೌರಿನ ಸುದ್ದಿ ತರುವವಳು ಅವಳೊಬ್ಬಳೇ. ಅತ್ತೆಗೆ ಇಡೀ ದಿನಕ್ಕೆ ಆ ಅರ್ಧ ಗಂಟೆಯೇ ಆಸರೆ.

"ಇದೇನವ್ವ, ನಲ್ಲಿಗೆ ಗಡಿಯಾರ ಕಟ್ಟವ್ರೆ?" ಎಂದಳು ನಿಂಗಮ್ಮ.

"ಯಾರ್ಯಾರು ಎಷ್ಟು ನೀರು ಬುಟ್ಕತಾರೆ ಅಂತ ಲೆಕ್ಕ ಮಡಗೋಕಂತೆ ಕಣೆ" ಎಂದರು ಅತ್ತೆ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ.

ನಿಂಗಮ್ಮ ಕಾಲು ತೊಳೆಯದೆ ಎದ್ದಳು. ಮಾರನೆಯ ದಿನದಿಂದ ಅವಳ "ಸೊಪ್ಪೋ" ಎದುರು ಸಾಲಿನ ಮನೆಗಳ ಕಡೆಯಿಂದ ಕೇಳತೊಡಗಿತು. ಅತ್ತೆ ಜಗುಲಿಯ ಮೇಲೆ ಕೂತು ಕೇಳಿಸಿಕೊಂಡರು. ಕಾಫಿ ಆರಿತು. "ಕುಡೀರಿ ಅತ್ತೆ" ಎಂದರೆ, "ನಿಮ್ ನಲ್ಲಿ ಇನ್ಮ್ಯಾಕೆ ನಾನೂ ಮುಟ್ಟಲ್ಲ ಬುಡವ್ವ" ಎಂದರು. ಕಾಫಿಗೆ ಸರಿಯಾದ ಉತ್ತರವೇನೂ ಅಲ್ಲ, ಆದರೆ ನನಗೆ ಅರ್ಥವಾಯಿತು. ಅಂದಿನಿಂದ ಅವರು ಬಾಗಿಲಿಗೆ ನೀರು ಹಾಕುವುದನ್ನೂ ಬಿಟ್ಟರು.

ಎರಡು ದಿನ ನೋಡಿ, ಹಿಂದಿನ ಬೀದಿಯಲ್ಲಿ ನಿಂಗಮ್ಮನನ್ನು ಹಿಡಿದೆ. "ಅಯ್ಯೋ, ನನ್ ಸೊಪ್ಪಿನ್ ದೆಸೆಯಿಂದ ನಿಮ್ಮನೇಲಿ ಮಾತು ಬರೋದು ಬ್ಯಾಡ ಕಣವ್ವ. ಆ ಮುಳ್ಳು ನನ್ ಮಕ ನೋಡ್ಕಂಡೇ ತಿರುಗ್ತದೆ" ಎಂದಳು. ನನ್ನ ಬಾಯಿಗೆ ಆಗ ಏನು ಬಂದಿತ್ತೋ, "ಒಳಗಿನ ನೀರಿಗೆ ಮುಳ್ಳಿಲ್ಲ ಬಾ, ನಾನು ತಂದುಕೊಡ್ತೀನಿ" ಎಂದುಬಿಟ್ಟೆ.

ಹೀಗೆ ಶುರುವಾಯಿತು ನನ್ನ ಬಕೆಟ್ ಸೇವೆ. ನಿಂಗಮ್ಮನ ಸೊಪ್ಪಿಗೆ ಒಂದು, ಅತ್ತೆಯ ಬಾಗಿಲಿಗೆ ಒಂದು, ಹೇಗೂ ಬಂದದ್ದಾಯಿತಲ್ಲ ಎಂದು ಕರಿಬೇವಿಗೊಂದು. ಅತ್ತೆ ಮತ್ತೆ ಬಿಸಿ ಕಾಫಿ ಕುಡಿದರು. ಯಜಮಾನರು ಭಾನುವಾರ ಸ್ಕೂಟರನ್ನು ಒಣ ಬಟ್ಟೆಯಲ್ಲೇ ಒರೆಸಿ, ಕನ್ನಡಕ ಹಾಕಿಕೊಂಡು ಮೀಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. "ನೋಡಿದೆಯಾ, ಮುಳ್ಳು ಅಲ್ಲಾಡೇ ಇಲ್ಲ! ಮೀಟರ್ ಹಾಕಿದ್ದಕ್ಕೆ ಎಲ್ಲರಿಗೂ ಶಿಸ್ತು ಬಂತು" ಎಂದು ಮೇಲಿನವರೆಗೂ ಕೇಳುವಂತೆ ಹೇಳಿದರು.

ಮೇಲಿನವನಿಗೆ ಕೇಳಿಸಿತು. ಮರುದಿನ ಸಂಜೆ ಮಂಜುನಾಥ ಮದ್ದೂರು ವಡೆಯ ಪೊಟ್ಟಣ ಹಿಡಿದು ಬಂದ. ಮತ್ತೆ ಚಪ್ಪಲಿಯನ್ನೇ ನೋಡುತ್ತಾ, "ಆಂಟಿ, ನೀವು ಹೊರಗೆ ಇಷ್ಟು ಕಮ್ಮಿ ನೀರು ಬಳಸ್ತೀರ ಅಂತ ಗೊತ್ತಿರ್ಲಿಲ್ಲ. ಸುಮ್ನೆ ಮಾತಾಡ್ಬುಟ್ಟೆ" ಎಂದ. ಆಗಲೇ ನನಗೆ ಹೊಳೆದದ್ದು. ಬಚ್ಚಲಿನ ನೀರು ಅರ್ಧ ಅರ್ಧದ್ದು. ಯಾವ ಬಾಗಿಲು, ಯಾವ ಕರಿಬೇವು ಎಂದು ಅವನು ಸಂಕೋಚಪಟ್ಟು ಹೇಳಿದ್ದನೋ, ಅದಕ್ಕೆಲ್ಲ ಅವನಿಂದ ಈಗಲೂ ಅರ್ಧ ಕೊಡಿಸುತ್ತಿದ್ದೇನೆ, ಜೊತೆಗೆ ನಿಂಗಮ್ಮನ ಸೊಪ್ಪಿಗೂ. ವಡೆ ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯದೂ ಹಾಗೇ ಆಯಿತು.

ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ಯಜಮಾನರ ಶಿಸ್ತು ಹೋಗುತ್ತದೆ, ನಿಂಗಮ್ಮ ಎದುರು ಸಾಲಿಗೆ ಹೋಗುತ್ತಾಳೆ, ಅತ್ತೆಯ ಕಾಫಿ ಆರುತ್ತದೆ. ಬಹಳ ಯೋಚಿಸಿ ಯಾರಿಗೂ ನಷ್ಟವಾಗದ ದಾರಿ ಹುಡುಕಿದೆ. ಬೆಳಿಗ್ಗೆ ಒಳಗಿನಿಂದ ಹೊರಕ್ಕೆ ಮೂರು ಬಕೆಟ್. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಹೊರಗಿನ ನಲ್ಲಿಯಿಂದ ಬಚ್ಚಲಿಗೆ ಮೂರು ಬಕೆಟ್. ಹೊರಗಿನ ನೀರು ಒಳಗಾಯಿತು, ಒಳಗಿನದು ಹೊರಗಾಯಿತು, ಮಂಜುನಾಥನಿಗೆ ಮೋಸವಾಗಲಿಲ್ಲ. ದಿನಕ್ಕೆ ಮೂರು ಬಕೆಟ್ಟಿನಷ್ಟೇ ತಿರುಗುವ ಮುಳ್ಳನ್ನು ಯಜಮಾನರು ಈಗಲೂ ಶಿಸ್ತೆಂದೇ ಎಣಿಸುತ್ತಾರೆ.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದೆ. ಅತ್ತೆ ಗೋಡೆ ಕಡೆ ಮಗ್ಗುಲಾಗುತ್ತಾ ಹೇಳಿದರು: "ನಾವು ಕಟ್ಟೆಯಿಂದ ಕೊಡ ಒತ್ಕಂಡು ಬತ್ತಿದ್ದೋ, ಒಂದಿನ ಸೊಂಟ ಅನ್ನಲಿಲ್ಲ. ನಿಂಗೆ ಒಳಗೂ ನಲ್ಲಿ, ಒರಗೂ ನಲ್ಲಿ. ಅದ್ಯಾಕವ್ವ ನೋವು ಬತ್ತದೆ?"

"ವಯಸ್ಸಾಯ್ತಲ್ಲ ಅತ್ತೆ" ಎಂದೆ. ಅವರಿಗೆ ನಿದ್ದೆ ಹತ್ತಿದ ಮೇಲೆ ಬಕೆಟ್ ಸದ್ದಾಗದಂತೆ ಎತ್ತಿಕೊಂಡು ಗೇಟಿನ ಹತ್ತಿರ ಹೋಗಿ ನಲ್ಲಿ ತಿರುಗಿಸಿದೆ. ನಿಂಗಮ್ಮ ಹೇಳಿದ್ದು ಸುಳ್ಳಲ್ಲ. ಕೆಂಪು ಮುಳ್ಳು ನನ್ನ ಮುಖ ನೋಡಿಕೊಂಡೇ ತಿರುಗಿತು.