ಥಿನ್ನರ್ ಬಾಟಲಿ ಮತ್ತು ಕಾಕಾನ ಧೋತರ

ಕೆಮಿಸ್ಟ್ರಿ ಕಲಿಸುವವಳು ಎಂದು ಗೊತ್ತಾದರೆ ಸಾಕು, ಜನ ಏನಾದರೊಂದು ಕೇಳಿಯೇ ಕೇಳುತ್ತಾರೆ. ನಾಲ್ಕಾರು ದೇಶ ತಿರುಗಿ ಕೊಪ್ಪಳ ಸೀಮೆಗೆ ಬಂದಮೇಲೆ ಆ ಪ್ರಶ್ನೆಗಳಿಗೆ ರುಚಿ ಹೆಚ್ಚಾಯಿತು, ಅಷ್ಟೇ.

೧. ಮರಳಿಯ ಸಾವಯವ

ಮರಳಿ ಎಂಬ ಊರಲ್ಲಿ ರೈತರ ಸಭೆ. "ಬೀಜದಾಗಿನ ಎಣ್ಣಿನ ಸಾವಯವ ದ್ರಾವಕದಾಗ ಕರಗಿಸಿ ತಗೀತಾರ" ಎಂದೆ.

ಭತ್ತದ ರೈತರೊಬ್ಬರು ಎದ್ದರು. "ಸಾವಯವ ಅಂದ್ರ ಛಲೋ ಆತ್ರಿ. ಎಕರೇಕ ಎಷ್ಟ ಹೊಡೀಬೇಕು?"

"ಹೊಡೀಬಾರದ್ರಿ, ಅದು ಪೆಟ್ರೋಲ್ ಜಾತಿದು. ಇಂಗಾಲದ ಸಂಯುಕ್ತಕ್ಕ ನಮ್ಮ ಕೆಮಿಸ್ಟ್ರಿಯಾಗ ಸಾವಯವ ಅಂತಾರ."

ಅವರು ಹೊರಗೆ ನಿಲ್ಲಿಸಿದ್ದ ಬೈಕಿನ ಕಡೆ ನೋಡಿದರು. "ಹಂಗಾದ್ರ ನಂದು ಸಾವಯವ ಗಾಡಿ ಆತಲ್ರಿ. ಸಬ್ಸಿಡಿ ಐತೇನು?"

೨. ಕುಷ್ಟಗಿಯ ಕ್ಲಾಸು

"ನೀರಿನ ಅಣುವಿಗೆ ಒಂದು ತುದಿ ಧನ, ಒಂದು ತುದಿ ಋಣ. ಉಪ್ಪಿನದೂ ಅದೇ ಸ್ವಭಾವ, ಕೂಡಿಕೊಳ್ಳುತ್ತದೆ. ಎಣ್ಣೆಗೆ ಆ ಗೊಡವೆಯೇ ಇಲ್ಲ, ಅದು ತನ್ನಂಥದೇ ಸೀಮೆಎಣ್ಣೆಯಲ್ಲಿ ಕರಗುತ್ತದೆ" ಎಂದು ಪಾಠ ಮಾಡುತ್ತಿದ್ದೆ.

ಹೊಸದಾಗಿ ಮದುವೆಯಾದ ವಿದ್ಯಾರ್ಥಿನಿ ಕೇಳಿದಳು: "ನಮ್ಮ ಅತ್ತೀದೂ ನಂದೂ ಒಂದೇ ಸ್ವಭಾವರಿ ಮೇಡಂ. ಕೂಡಿಸಿದ್ರ ಬೆಂಕಿ ಹತ್ತತೈತಲ್ಲ?"

"ಸೀಮೆಎಣ್ಣೆಗೂ ಆ ಗುಣ ಐತವಾ" ಎಂದೆ.

೩. ಯಲಬುರ್ಗಾದ ಕುರ್ಚಿ

ನನ್ನ ಇನ್ನೊಬ್ಬ ವಿದ್ಯಾರ್ಥಿನಿಗೆ ಎಮ್ಮೆಸ್ಸಿ ಓದುವ ಹಟ. ಮನೆಯವರು, "ಗಂಡಿನ ಕಡಿಯವ್ರು ಹೂಂ ಅಂದ್ರ ಓದು" ಎಂದುಬಿಟ್ಟಿದ್ದರು. ಕನ್ಯೆ ನೋಡಲು ಬರುವ ದಿನ ಧೈರ್ಯಕ್ಕೆಂದು ನನ್ನನ್ನೂ ಕರೆಸಿಕೊಂಡಳು.

ಗಂಡಿನ ಕಡೆ ಮಾತೆಲ್ಲ ಹುಡುಗನ ಕಾಕಾನದೇ. "ಒಗ್ಗರಣಿ ಹಾಕಾಕ ಎಮ್ಮೆಸ್ಸಿ ಯಾಕ ಬೇಕ್ರಿ?" ಎನ್ನುತ್ತ ಕೈ ತೊಳೆಯಲು ಎದ್ದರು. ಬೀಗರು ಬರುತ್ತಾರೆಂದು ಹಿಂದಿನ ದಿನವಷ್ಟೇ ಬಣ್ಣ ಬಳಿದಿದ್ದ ಕುರ್ಚಿಯ ಹಸಿರು ಪಟ್ಟಿಗಳು ಅವರ ಬಿಳಿ ಧೋತರದ ಹಿಂದೆ ಸಾಲಾಗಿ ಮೂಡಿದ್ದವು. ಅವರೋ ಇಲ್ಲಿಂದ ಸೀದಾ ಒಂದು ಲಗ್ನಕ್ಕೆ ಹೋಗಬೇಕಿತ್ತು. ಹುಡುಗಿಯ ತಾಯಿ ನೀರು ತಂದರು, ಸಾಬೂನು ತಂದರು. ತಿಕ್ಕಿದಷ್ಟೂ ಹಸಿರು ಅಗಲವಾಯಿತು.

ಹುಡುಗಿ ಒಳಗಿಂದ ಥಿನ್ನರ್ ಬಾಟಲಿ ಹಿಡಿದು ಬಂದು ಹೊಸ್ತಿಲಲ್ಲೇ ನಿಂತಳು. "ಎಣ್ಣಿಬಣ್ಣ ನೀರಿಗೆ ಜಗ್ಗೂದಿಲ್ರಿ ಕಾಕಾ. ಇದ್ರಾಗ ಕರಗತೈತಿ. ಯಾಕ ಕರಗತೈತಿ ಅನ್ನೂದು ಎಮ್ಮೆಸ್ಸಿಯೊಳಗ ಇನ್ನೂ ಬಿಡಿಸಿ ಹೇಳ್ತಾರಂತ." ಬಾಟಲಿ ಮಾತ್ರ ಕೊಡಲಿಲ್ಲ.

ಕಾಕಾ ಹಿಂದೆ ಟವೆಲ್ ಅಡ್ಡ ಹಿಡಿದುಕೊಂಡು, ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಬಾಟಲಿ ನೋಡಿದರು.

"ಓದವಾ ನಮ್ಮವ್ವ. ಎಮ್ಮೆಸ್ಸಿ ಓದು, ಪಿಎಚ್‌ಡಿ ಮಾಡು, ಒಗ್ಗರಣಿ ಬೇಕಾದ್ರ ನಾನ ಹಾಕ್ತೀನಿ. ಮೊದಲ ಅದನ್ನಿಷ್ಟು ಇತ್ಲಾಗ ತಾ."