ಪಾಸ್ಟರ್ ಅಯ್ಯನವರ ಆಟೊ

ನಮ್ಮ ಕಡೆ ಚುನಾವಣೆ ಬಂದಾಗಲೆಲ್ಲ ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ಈ ಸಲ ನಡೆದದ್ದಕ್ಕೆ ಅರ್ಧ ಊರು ನಕ್ಕಿತು, ಅರ್ಧ ಊರು ಹೆದರಿತು. ನಾನು ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

೧. ಮಂಗಳವಾರ

ಅದೊಂದು ಮಂಗಳವಾರ. ಬೆಳಿಗ್ಗೆ ಉಪ್ಪಿಟ್ಟು ತಿಂದೆವು. ನಾನು ಅಜ್ಜಂಪುರದ ಸರ್ಕಾರಿ ಶಾಲೆಯ ಮೇಷ್ಟ್ರು. ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು, ಜೊತೆಗೆ ಮೈಕಿನಲ್ಲಿ ಹೇಳುವ ಕೆಲಸವನ್ನೂ ಮಾಡುತ್ತಿದ್ದಳು. ಪೋಲಿಯೊ ಹನಿ, ನೀರು ಬರದ ದಿನ, ಹೊಸ ಸೀರೆ ಅಂಗಡಿ, ಎಲ್ಲಕ್ಕೂ ಊರಲ್ಲಿ ಅವಳದೇ ದನಿ.

ಆ ದಿನ ಅವಳು ಪಾಸ್ಟರ್ ಅಯ್ಯನವರ ಪ್ರಚಾರದ ಮಾತು ರೆಕಾರ್ಡ್ ಮಾಡಿಸಲು ಹೊರಟಿದ್ದಳು. ಅಯ್ಯನವರು ಕಡೂರಿನ ರೈಲ್ವೆ ಸ್ಟೇಷನ್ ಹಿಂದೆ ಒಂದು ಶೀಟಿನ ಕೋಣೆಯಲ್ಲಿ ಸುವಾರ್ತೆ ಸಾರಲು ಶುರು ಮಾಡಿದವರು. ಆಮೇಲೆ ನಮ್ಮೂರಿಗೆ ಬಂದು ಪ್ರಾರ್ಥನಾ ಮಂದಿರ ಕಟ್ಟಿದರು, ಪಟ್ಟಣ ಪಂಚಾಯಿತಿ ಸದಸ್ಯರಾದರು, ಈಗ ಪಕ್ಷೇತರರಾಗಿ ವಿಧಾನಸಭೆಗೆ ನಿಂತಿದ್ದರು. ಅವರ ರಾಜಕೀಯವೆಲ್ಲ ಒಂದೇ ವಿಷಯದ ಮೇಲೆ: ಸ್ಮಶಾನ. ತಮ್ಮ ಪ್ರಾರ್ಥನಾ ಸಭೆಯ ಮುದುಕರೊಬ್ಬರನ್ನು ಹೂಳಲು ಜಾಗ ಸಿಗದೆ ಒಂದಿಡೀ ದಿನ ಹೆಣ ಹೊತ್ತು ಅಲೆದಿದ್ದರು. ಅಂದಿನಿಂದ ‘ಪ್ರತಿ ಊರಿಗೂ, ಯಾವ ಜಾತಿಯವರೇ ಆಗಲಿ, ಮಣ್ಣಿಗೆ ಜಾಗ’ ಎಂಬುದೇ ಅವರ ಮಾತು.

“ಓಟು ಕೇಳೋರು ಸ್ಮಶಾನ ಕೊಡ್ತೀನಿ ಅಂತಾರೇನೇ?” ಎಂದೆ.

“ಅದೇ ಸರಿ ಕಣ್ರೀ,” ಎಂದಳು ಚಪ್ಪಲಿ ಮೆಟ್ಟುತ್ತಾ. “ಬೇರೆ ಏನು ಕೊಟ್ರೂ ಜನ ಸರಿ ಇಲ್ಲ ಅಂತಾರೆ. ಇದನ್ನ ತಗೊಂಡೋರು ಯಾರೂ ವಾಪಸ್ ಬಂದು ದೂರು ಹೇಳಲ್ಲ.”

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ನಾನು ಮೂರನೇ ತರಗತಿಗೆ ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದಾಗ, ಶಾಲೆಗೆ ಫೋನ್ ಬಂತು. ರೆಕಾರ್ಡಿಂಗ್ ಮುಗಿಸಿ ಬರುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಕುಸಿದಳಂತೆ. ಹೃದಯ ನಿಂತಿತ್ತು.

೨. ಕಾಗೆ

ಮೂರನೆಯ ದಿನ ಅಯ್ಯನವರು ಬಂದು ನೆಲದ ಮೇಲೆ ಕೂತರು. “ಮೇಷ್ಟ್ರೇ, ಬೇರೆಯವರ ಹತ್ರ ಹೇಳಿಸ್ತೀನಿ. ಆವತ್ತಿನ ರೆಕಾರ್ಡಿಂಗ್ ಹಾಕಲ್ಲ.”

“ಅವಳು ಮಾಡಿ ಮುಗಿಸಿದ ಕೆಲಸ. ಹಾಕಿ,” ಎಂದೆ. ಏನು ಹೇಳುತ್ತಿದ್ದೇನೆಂದು ಆಗ ನನಗೆ ಗೊತ್ತಿರಲಿಲ್ಲ.

ಹನ್ನೊಂದನೆಯ ದಿನ ಕೆರೆ ಏರಿಯ ಮೇಲೆ ಎಡೆ ಇಟ್ಟೆವು. ಕಾಗೆಗಳು ಬಂದು ಕೂತವು, ಒಂದೂ ಮುಟ್ಟಲಿಲ್ಲ. ಸತ್ತವರಿಗೆ ಏನೋ ಆಸೆ ಉಳಿದಿದ್ದರೆ ಹೀಗಾಗುತ್ತದೆಂದು ನಮ್ಮಲ್ಲಿ ನಂಬಿಕೆ. ಆಸೆ ಏನೆಂದು ಊಹಿಸಿ, ನೆರವೇರಿಸುತ್ತೇವೆಂದು ಮಾತು ಕೊಡಬೇಕು. ದೇವನೂರಿನಿಂದ ಬಂದಿದ್ದ ಅವಳ ಚಿಕ್ಕಪ್ಪ ಶುರು ಮಾಡಿದರು.

“ಹೊಲಿಗೆ ಮಿಷನ್ ಯಾರಿಗೂ ಮಾರಲ್ಲ ಕಣವ್ವ.” ಕಾಗೆ ಅಲುಗಲಿಲ್ಲ. “ಮೇಷ್ಟ್ರು ಇನ್ನೊಂದು ಮದ್ವೆ ಆಗಲ್ಲ ಕಣವ್ವ.” ಕಾಗೆ ಮುಖ ತಿರುಗಿಸಿತು.

ಅಷ್ಟರಲ್ಲಿ ಏರಿಯ ಕೆಳಗಿನ ರಸ್ತೆಯಿಂದ ಅವಳ ದನಿ ಬಂತು. “ಪ್ರೀತಿಯ ಬಂಧುಗಳೇ, ನಿಮ್ಮ ಮನೆಮಗಳ ಒಂದೇ ಒಂದು ಕೋರಿಕೆ...”

ಎಲ್ಲರೂ ರಸ್ತೆಯ ಕಡೆ ತಿರುಗಿದೆವು. ಮೈಕು ಕಟ್ಟಿದ ಆಟೊ ಕಾಣಿಸುವಷ್ಟರಲ್ಲಿ ಕೋರಿಕೆ ಏನೆಂದು ಪೂರ್ತಿ ಕೇಳಿಸಿತ್ತು: ಪಾಸ್ಟರ್ ಅಯ್ಯನವರಿಗೆ ಮತ.

ಚಿಕ್ಕಪ್ಪ ಕೈ ಮುಗಿದರು. “ಆಯ್ತು ಕಣವ್ವ, ಹಾಕ್ತೀನಿ, ಹೋಗವ್ವಾ!” ಕಾಗೆ ಹಾರಿಬಂದು ಎಡೆಗೆ ಬಾಯಿ ಹಾಕಿತು.

ಚಿಕ್ಕಪ್ಪನ ಓಟು ಇರುವುದು ದೇವನೂರಿನಲ್ಲಿ. ಅದು ಬೇರೆ ಕ್ಷೇತ್ರ. ಕಾಗೆಗೆ ಅದು ಗೊತ್ತಿರಲಿಲ್ಲ.

೩. ಹಿಂದಿನ ಸೀಟು

ಈ ಸುದ್ದಿ ಆಟೊಗಿಂತ ಮೊದಲೇ ಊರೂರು ತಲುಪಿತು. ಆಟೊ ಬಂದರೆ ಕೆಲವರು ಬಾಗಿಲು ಹಾಕಿಕೊಂಡರು, ಕೆಲವರು ಕಾಯಿ ಒಡೆದು ಚಕ್ರದ ಮುಂದೆ ನೀರು ಹಾಕಿದರು. ಅಯ್ಯನವರು ಮುಜುಗರದಿಂದ ಬೇಡ ಬೇಡ ಎನ್ನುತ್ತಿದ್ದರು. ಅವರ ಸಭೆಯ ಹೆಂಗಸೊಬ್ಬಳು ಎದ್ದು ನಿಂತು ಕೇಳಿಯೇಬಿಟ್ಟಳಂತೆ: “ಸತ್ತವರು ಮಾತಾಡಲ್ಲ ಅಂತ ಭಾನುವಾರ ಹೇಳ್ತೀರಿ ಅಯ್ಯಾ, ಸೋಮವಾರ ಆಟೊ ಕಳಿಸ್ತೀರಿ.”

ಆಟೊ ಡ್ರೈವರ್ ನನ್ನನ್ನು ಕಂಡರೆ ಗಾಡಿ ನಿಲ್ಲಿಸುತ್ತಿದ್ದ. ಒಂದು ದಿನ ಶಾಲೆಯವರೆಗೆ ಬಿಡುತ್ತೇನೆಂದ. ನಾನು ಹಿಂದೆ ಹತ್ತಲು ಹೋದೆ.

“ಮುಂದೆ ಬನ್ನಿ ಮೇಷ್ಟ್ರೇ. ಹಿಂದೆ ಯಾರನ್ನೂ ಕೂರಿಸ್ತಿಲ್ಲ. ಅಕ್ಕನ ಜಾಗ.”

ಹಿಂದಿನ ಸೀಟು ಖಾಲಿ ಇತ್ತು, ಒರೆಸಿ ಇಟ್ಟಿದ್ದ. ನಾನು ಮುಂದೆ ಅವನ ಪಕ್ಕ ಅರ್ಧ ಕುಂಡೆ ಊರಿ ಕೂತೆ. ದಾರಿಯಲ್ಲಿ ಅವನು ಅಮೃತಾಪುರದಲ್ಲಿ ನಡೆದದ್ದನ್ನು ಹೇಳಿದ. ಅಲ್ಲಿ ಕೆಲವರು ಜಗಳಕ್ಕೆ ಬಂದಿದ್ದರಂತೆ: “ಏನಪ್ಪಾ, ಮನೆ ಕೊಡ್ಸಿ ಅಂದ್ರೆ ಸ್ಮಶಾನ ಕೊಡ್ಸ್ತೀನಿ ಅಂತೀರಾ? ನಂಬೋದಾದ್ರೂ ಹೆಂಗೆ?” ಆಗ ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಗದರಿದಳಂತೆ:

“ಸುಮ್ಕಿರ್ರೋ ಲೇ. ಹೋಗಿ ನೋಡ್ಕೊಂಡು ಬಂದವಳೇ ಹೇಳ್ತಾವ್ಳೆ.”

೪. ನಿಯಮ

ಎದುರಾಳಿಗಳು ತರೀಕೆರೆಯ ಚುನಾವಣಾ ಕಚೇರಿಗೆ ದೂರು ಕೊಟ್ಟರು: ಸತ್ತವರನ್ನು ಪ್ರಚಾರಕ್ಕೆ ಬಳಸುತ್ತಿದ್ದಾರೆ. ಅನುಮತಿ ಪತ್ರದಲ್ಲಿ ಮೈಕಿನಲ್ಲಿ ಹೇಳುವವರೆಂದು ಅವಳ ಹೆಸರಿತ್ತು. ಹಾಗಾಗಿ ನನ್ನನ್ನೂ ಕರೆದರು. ಅಧಿಕಾರಿ ದಪ್ಪ ಪುಸ್ತಕ ತೆಗೆದು ಅರ್ಧ ಗಂಟೆ ಹುಡುಕಿದರು. ಆಮೇಲೆ ಕನ್ನಡಕ ತೆಗೆದು, ಬಹಳ ಮರ್ಯಾದೆಯಿಂದ ಹೇಳಿದರು:

“ಮೇಷ್ಟ್ರೇ, ಸತ್ತವರು ಮತ ಹಾಕೋ ಹಾಗಿಲ್ಲ. ಕೇಳಬಾರದು ಅಂತ ಎಲ್ಲೂ ಬರೆದಿಲ್ಲ.”

೫. ಹತ್ತು ಇಪ್ಪತ್ತು

ಆಟೊ ಪ್ರತಿದಿನ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಶಾಲೆಯ ಮುಂದೆ ಹಾದುಹೋಗುತ್ತಿತ್ತು. ಮಕ್ಕಳು ನನ್ನ ಮುಖ ನೋಡುತ್ತಿದ್ದರು. ನಾನು ಬೋರ್ಡಿನ ಕಡೆ ತಿರುಗುತ್ತಿದ್ದೆ.

ಅದು ಅವಳ ಮೈಕಿನ ದನಿ. ನಿಧಾನ, ಎಳೆದು ಎಳೆದು. ಮನೆಯಲ್ಲಿ ಅವಳು ಹಾಗೆ ಮಾತಾಡುತ್ತಿರಲಿಲ್ಲ. ಗಡಿಬಿಡಿಯ ಮಾತು, ಅರ್ಧಕ್ಕೇ ನಗು. ಆಟೊ ತಿರುಗತೊಡಗಿದ ಎರಡನೆಯ ವಾರ ಒಂದು ಸಂಜೆ, ಅವಳು ನನ್ನನ್ನು ಊಟಕ್ಕೆ ಹೇಗೆ ಕರೆಯುತ್ತಿದ್ದಳೆಂದು ನೆನೆಸಿಕೊಳ್ಳಲು ಕೂತೆ. ಮಾತು ನೆನಪಾಯಿತು. ದನಿ ಮಾತ್ರ ಆಟೊದ್ದೇ ಬಂತು. “ಪ್ರೀತಿಯ ಬಂಧುಗಳೇ, ಊಟಕ್ಕೆ ಬನ್ನಿ.” ಕಣ್ಣು ಮುಚ್ಚಿ ಮತ್ತೆ ಪ್ರಯತ್ನಿಸಿದೆ. ಮತ್ತೆ ಅದೇ. ದಿನಕ್ಕೊಂದು ಸಲ ಅವಳು ಬೀದಿಯಲ್ಲಿ ಹಾದುಹೋಗುತ್ತಿದ್ದಳು, ದಿನಕ್ಕಿಷ್ಟು ಮನೆಯಿಂದ ಕಳೆದುಹೋಗುತ್ತಿದ್ದಳು.

ಫೋನಿನಲ್ಲೆಲ್ಲ ಹುಡುಕಿದೆ. ಅವಳು ಒಂದೂ ವಾಯ್ಸ್ ಮೆಸೇಜ್ ಕಳಿಸಿರಲಿಲ್ಲ. ಹಿಂದೊಮ್ಮೆ ಯಾಕೆಂದು ಕೇಳಿದ್ದೆ.

“ದುಡ್ಡಿಗೆ ಮಾತಾಡೋಳು ಕಣ್ರೀ ನಾನು. ನಿಮಗೆ ಬಿಟ್ಟಿ ಯಾಕೆ ಮಾತಾಡ್ಲಿ?” ಎಂದಿದ್ದಳು.

ಆಟೊ ನಿಲ್ಲಿಸಿ ಎಂದು ಅಯ್ಯನವರಿಗೆ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ನನಗೆ ಮತಗಟ್ಟೆ ಡ್ಯೂಟಿ ಬಿದ್ದಿತ್ತು. ಅಭ್ಯರ್ಥಿಯ ಹತ್ತಿರ ಹೋಗಿ ಏನನ್ನೂ ಕೇಳುವಂತಿಲ್ಲ. ಜೊತೆಗೆ, ಅದೂ ನಿಂತುಹೋದರೆ ಉಳಿಯುವುದು ಏನು ಎಂಬ ಭಯವಿತ್ತು.

೬. ಕತ್ತರಿಸದ ಭಾಗ

ಅಯ್ಯನವರು ಸೋತರು. ಫಲಿತಾಂಶದ ಮಾರನೆಯ ದಿನ ಮಧ್ಯಾಹ್ನ ಮನೆಗೆ ಬಂದರು. ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಕೈಯಲ್ಲೇ ಹಿಡಿದುಕೊಂಡಿದ್ದರು.

“ಆಟೊಕ್ಕೆ ಹಾಕಿದ್ದು ಕತ್ತರಿಸಿದ್ದು, ಮೇಷ್ಟ್ರೇ. ಇದು ಆವತ್ತಿನದು ಪೂರ್ತಿ. ಕೊಡಬೇಕೋ ಬೇಡವೋ ಅಂತ ಇಷ್ಟು ದಿನ ಪ್ರಾರ್ಥನೆ ಮಾಡ್ತಿದ್ದೆ.”

“ಏನು ಬಂತು ಉತ್ತರ?”

“ಉತ್ತರ ಬರೋದರೊಳಗೆ ಸೋತುಬಿಟ್ಟೆ. ತಗೊಳ್ಳಿ.”

ಟಿ.ವಿ.ಗೆ ಹಾಕಿದೆವು. ಪ್ರೀತಿಯ ಬಂಧುಗಳು, ಮನೆಮಗಳು, ಕೋರಿಕೆ, ಎಲ್ಲ ಬಂದು ಮುಗಿಯಿತು. ಒಂದು ಕುರ್ಚಿ ಸರಿದ ಸದ್ದು. ಆಮೇಲೆ ಇದ್ದಕ್ಕಿದ್ದಂತೆ ಮನೆಯ ದನಿ. ಗಡಿಬಿಡಿಯದು.

“ಸಾಕಾ ಅಯ್ಯಾ? ಗಂಟಲು ಒಣಗೋಯ್ತು.”

“ಸಾಕವ್ವಾ,” ಅಯ್ಯನವರ ದನಿ. “ಇಷ್ಟು ಚೆನ್ನಾಗಿ ಕೇಳಿದ್ಮೇಲೆ ನಿಮ್ಮನೆ ಎರಡು ಓಟು ನಂದೇ ಅಂತಾಯ್ತು.”

“ಎರಡಿಲ್ಲ ಅಯ್ಯಾ. ನಮ್ಮ ಮೇಷ್ಟ್ರು ಹಾಕ್ತಾರೋ ಏನೋ, ನಾನಂತೂ ಹಾಕಲ್ಲಪ್ಪ,” ಎಂದು ಅರ್ಧಕ್ಕೇ ನಕ್ಕಳು. “ಸ್ಮಶಾನ ಕೊಡಿ ಅಂತ ಕೇಳೋ ವಯಸ್ಸಾ ನಂದು?”

ಅಯ್ಯನವರು ತಲೆ ಎತ್ತಲಿಲ್ಲ. ನಾನು ನಕ್ಕುಬಿಟ್ಟೆ. ಮತ್ತೆ ಹಿಂದಕ್ಕೆ ತಂದು ಹಾಕಿದೆ.

ಆ ಭಾಗ ಒಟ್ಟು ಹತ್ತೊಂಬತ್ತು ಸೆಕೆಂಡು ಇದೆ.